ನಾಲ್ಕನೇ ಪುಟ ಇರಲಿ, ಉಳಿದದ್ದನ್ನು ಮತ್ತೆ ಬರೆಯಿರಿ

ಮಾನ್ಯರೇ,

ಮನಸ್ಸಿನಲ್ಲಿ ಮಾತು ಹೇಗೆ ತಯಾರಾಗುತ್ತದೆ, ಹೇಗೆ ಅರ್ಥವಾಗುತ್ತದೆ ಎಂಬುದರ ಬಗ್ಗೆ ಮಂಡ್ಯದಿಂದ ನೀವು ಕಳುಹಿಸಿದ ‘ಮನಸ್ಸೆಂಬ ಮಾತಿನ ಕಾರ್ಖಾನೆ’ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಆದರೂ ‘ವಿಷಾದಿಸುತ್ತೇವೆ’ ಎಂಬ ಅಚ್ಚಿನ ಚೀಟಿ ಇಟ್ಟು ಹಿಂದಿರುಗಿಸಲು ಮನಸ್ಸಾಗಲಿಲ್ಲ. ಕಾರಣ ನಿಮ್ಮ ನಾಲ್ಕನೇ ಪುಟ.

ಅಲ್ಲಿ ನಿಮ್ಮ ತಾಯಿ ಯಾರದೋ ಹೆಸರು ನೆನಪಾಗದೆ ಪರದಾಡುತ್ತಾರೆ. “ಅದೇ ಕಣೋ, ಮದ್ದೂರ್ ಮದ್ವೇಲಿ ಸಿಕ್ಕಿದ್ನಲ್ಲ, ಲಾರಿ ಮಡಗಿರೋನು, ‘ರ’ ಇಂದ ಸುರುವಾಯ್ತದೆ, ರಾಜಣ್ಣ ಅಲ್ಲ, ರಂಗಣ್ಣ ಅಲ್ಲ…” ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಬರುತ್ತದೆ: ರುದ್ರಣ್ಣ! ಓದುಗರು ನಗಲಿ ಎಂದಷ್ಟೇ ಇದನ್ನು ಬರೆದು, ಮುಂದಿನ ಪುಟದಲ್ಲಿ ಮೆದುಳಿನ ನಕ್ಷೆಗೆ ಹಾರಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ತಾಯಿ ಹೇಳಿದ ತಪ್ಪು ಹೆಸರುಗಳನ್ನೇ ನೋಡಿ. ಎಲ್ಲವೂ ರಕಾರದಿಂದ ಶುರು, ಎಲ್ಲಕ್ಕೂ ಮೂರೇ ಅಕ್ಷರ, ಎಲ್ಲದರ ಕೊನೆಗೂ ಅಣ್ಣ. ಆಳು ಯಾರೆಂಬುದು ಪೂರ್ತಿ ಗೊತ್ತು, ಹೆಸರಿನ ಆಕಾರವೂ ಅರೆಬರೆ ಗೊತ್ತು, ಹೆಸರು ಮಾತ್ರ ನಾಲಿಗೆ ತುದಿ ಬಿಟ್ಟು ಇಳಿಯದು. ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಮೇಲೆಯೇ. ಅಪರೂಪದ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿ, ಪದ ಯಾವುದೆಂದು ಕೇಳಿದರು. ಪದ ಹೊಳೆಯದೆ ಒದ್ದಾಡಿದವರು ಎಷ್ಟೋ ಸಲ ಅದರ ಮೊದಲ ಅಕ್ಷರವನ್ನೂ ಉಚ್ಚಾರದ ಉದ್ದವನ್ನೂ ಸರಿಯಾಗಿ ಹೇಳಿದರು. ಅರ್ಥ ಸಿಗುವುದೇ ಬೇರೆ ಹಂತ, ಸದ್ದು ಸಿಗುವುದೇ ಬೇರೆ ಹಂತ ಎನ್ನಲು ನಿಮ್ಮ ಮನೆಯ ಅಡಿಗೆಮನೆಯಲ್ಲೇ ಸಾಕ್ಷಿ ಸಿಕ್ಕಿದೆ. (ರುದ್ರಣ್ಣ ನಿಜವಾದ ಹೆಸರಾಗಿದ್ದರೆ ಬದಲಿಸಿ. ಆದರೆ ರಕಾರ ಮತ್ತು ಮೂರಕ್ಷರ ಕೆಡದಿರಲಿ.)

ಇನ್ನು ತಕರಾರು. ‘ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೇಳುವವನು ವಾಕ್ಯ ಮುಗಿಯುವ ತನಕ ಕಾಯುತ್ತಾನೆ’ ಎಂದು ಎರಡನೇ ಪುಟದಲ್ಲಿ ಬರೆದಿದ್ದೀರಿ. ಯಾರೂ ಕಾಯುವುದಿಲ್ಲ. ಮೂರನೇ ಪುಟದಲ್ಲಿ ಭಾಷಾ ಮನೋವಿಜ್ಞಾನಿ ಥಾಮಸ್ ಬೀವರ್ 1970ರಲ್ಲಿ ಕೊಟ್ಟ ಪ್ರಸಿದ್ಧ ಇಂಗ್ಲಿಷ್ ಉದಾಹರಣೆಯನ್ನು (The horse raced past the barn fell) ‘ಕಣಜದ ಪಕ್ಕ ಓಡಿಸಲ್ಪಟ್ಟ ಕುದುರೆ ಬಿದ್ದಿತು’ ಎಂದು ಕನ್ನಡಿಸಿ, ಓದುಗರು ಇಲ್ಲಿ ಎಡವುತ್ತಾರೆ ಅಂದಿದ್ದೀರಿ. ಇಂಗ್ಲಿಷಿನಲ್ಲಿ ಕುದುರೆ ತಾನೇ ಓಡಿತು ಅಂದುಕೊಂಡು ಕೊನೆಯ ‘fell’ ಬಂದಾಗ ಎಡವುತ್ತಾರೆ, ನಿಜ. ಕನ್ನಡದಲ್ಲಿ ಎಡವಿದ್ದು ಕುದುರೆ ಮಾತ್ರ. ಅದರ ಬದಲು ಇದನ್ನು ಓದಿ:

ರಾಜು ತಮ್ಮನಿಗೆ ಹೊಡೆದ ಮೇಷ್ಟ್ರನ್ನು ಬೈದ.

‘ಹೊಡೆದ’ ಎಂಬಲ್ಲಿಗೆ ಬರುವಷ್ಟರಲ್ಲಿ ನಮ್ಮ ತಲೆಯೊಳಗೆ ರಾಜು ತಮ್ಮನಿಗೆ ಬಾರಿಸಿ ಆಗಿರುತ್ತದೆ. ಮೇಷ್ಟ್ರು ಬಂದ ಮೇಲೆ ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕು. ಈಗ ರಾಜುವನ್ನು ತೆಗೆದು ರಾಧಾಳನ್ನು ಕೂರಿಸಿ: ‘ರಾಧಾ ತಮ್ಮನಿಗೆ ಹೊಡೆದ ಮೇಷ್ಟ್ರನ್ನು ಬೈದಳು.’ ತೊಡಕಿಲ್ಲ. ಹೊಡೆದದ್ದು ಅವಳೇ ಆಗಿದ್ದರೆ ‘ಹೊಡೆದಳು’ ಅನ್ನಬೇಕಿತ್ತಲ್ಲ. ಕೊನೆಯವರೆಗೆ ಕಾಯುವುದೇ ನಮ್ಮ ರೀತಿಯಾಗಿದ್ದರೆ ರಾಜುವಿನ ವಾಕ್ಯದಲ್ಲೂ ಎಡವುತ್ತಿರಲಿಲ್ಲ. (ಬಾಯಲ್ಲಿ ಹೇಳುವಾಗ ರಾಜು ಆದ ಮೇಲೆ ಒಂದು ಚಿಕ್ಕ ತಡೆ ಕೊಡುತ್ತೇವೆ, ಅದರಿಂದ ಬಚಾವಾಗುತ್ತೇವೆ. ಅಚ್ಚಿನಲ್ಲಿ ಆ ಸೌಲಭ್ಯವಿಲ್ಲ. ಬರೆಯುವವರಿಗೆ ಇದೂ ನೆನಪಿರಬೇಕು.)

ವಿಭಕ್ತಿಗಳೂ ಸುಮ್ಮನಿರುವುದಿಲ್ಲ. ‘ಅಜ್ಜಿಗೆ ಮೊಮ್ಮಗಳು ಹೂವನ್ನು’ ಎಂದು ನಿಲ್ಲಿಸಿದರೂ ಮುಂದಿನದು ಕೊಟ್ಟಳೋ ತಂದಳೋ ಮುಡಿಸಿದಳೋ ಇರಬೇಕೆಂದು ಕೇಳುವವರ ಮನಸ್ಸು ಆಗಲೇ ಊಹಿಸಿರುತ್ತದೆ. ಹತ್ತು ಭಾಷೆಗಳ ಸಂಭಾಷಣೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಬಂತು. ಸರಾಸರಿ ಸುಮಾರು ಸೆಕೆಂಡಿನ ಐದನೇ ಒಂದು ಪಾಲು. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲೂ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದಮೇಲೆ ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ತಯಾರಾಗುತ್ತಿರುತ್ತದೆ. ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ನಮ್ಮಂತೆಯೇ ಕ್ರಿಯಾಪದವನ್ನು ಕೊನೆಗಿಡುವ ಜಪಾನಿ ಇತ್ತು, ಎಲ್ಲರಿಗಿಂತ ಬೇಗ ಉತ್ತರ ಕೊಟ್ಟವರೂ ಅವರೇ.

ಮನಸ್ಸಿಗೆ ನೀವು ಕೊಟ್ಟ, ಕಬ್ಬು ಅರೆದು ಸಕ್ಕರೆ ತೆಗೆಯುವ ಕಾರ್ಖಾನೆಯ ಹೋಲಿಕೆ ಮಂಡ್ಯದವರಿಗೆ ಸಹಜ. ಆದರೆ ಒಂದು ಹಂತ ಪೂರ್ತಿ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬಂತೆ ಅದನ್ನು ಎಳೆದಿದ್ದೀರಿ. ‘ಕಾಫಿ ಪುಡಿ’ ಅನ್ನಲು ಹೋಗಿ ‘ಪಾಫಿ ಕುಡಿ’ ಅಂದವರ ಬಾಯಿಗೆ ಪುಡಿಯ ಪಕಾರ ಎಲ್ಲಿಂದ ಬಂತು? ಮೊದಲ ಪದ ಹೊರಬೀಳುವ ಮುಂಚೆಯೇ ಎರಡನೆಯದು ಸಿದ್ಧವಾಗಿ ನಿಂತಿತ್ತು. ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಸೊಗಸು. ‘ಚೀಲದಲ್ಲಿ ಛತ್ರಿಯನ್ನು ಇಡು’ ಅನ್ನುವ ಬದಲು ‘ಛತ್ರಿಯಲ್ಲಿ ಚೀಲವನ್ನು ಇಡು’. ಪದಗಳು ಜಾಗ ಬದಲಿಸಿದವು, ‘ಅಲ್ಲಿ’ ಮತ್ತು ‘ಅನ್ನು’ ಇದ್ದಲ್ಲೇ ಉಳಿದವು. ‘ಛತ್ರಿದಲ್ಲಿ’ ಎಂದು ಮಾತ್ರ ಬಾಯಿಗೆ ಬರಲಿಲ್ಲ. ಅದಲುಬದಲಾದ ಮೇಲೂ ದಕಾರ ಹೋಗಿ ಯಕಾರ ಬಂತು, ಯಕಾರ ಹೋಗಿ ವಕಾರ ಬಂತು. ಎಂದರೆ ಸಂಧಿಯ ಕೆಲಸ ನಡೆಯುವುದು ಪದಗಳು ತಮ್ಮ ಜಾಗದಲ್ಲಿ ಕೂತ ಮೇಲೆ. ಲೇಖನಕ್ಕೆ ಬೇಕಾದದ್ದು ಇಂಥ ಸರಕು.

ಮೆದುಳಿನಲ್ಲಿ ಬ್ರೋಕಾ ಎಂಬ ಭಾಗ ಮಾತಾಡುತ್ತದೆ, ವೆರ್ನಿಕೆ ಎಂಬ ಭಾಗ ಅರ್ಥ ಮಾಡಿಕೊಳ್ಳುತ್ತದೆ ಎಂಬ ಎರಡು ಪುಟ ತೆಗೆದುಹಾಕಿ. ‘ಟ್ಯಾನ್’ ಎಂದಷ್ಟೇ ಹೇಳಬಲ್ಲವನಾಗಿದ್ದ ರೋಗಿಯ ಮೆದುಳನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ್ದು 1861ರಲ್ಲಿ. ಕಾದಿಟ್ಟಿದ್ದ ಅದೇ ಮೆದುಳನ್ನು ಈ ಶತಮಾನದಲ್ಲಿ ಸ್ಕ್ಯಾನ್ ಮಾಡಿದಾಗ ಪೆಟ್ಟು ಬ್ರೋಕಾ ಹೆಸರಿನ ಆ ಭಾಗವನ್ನೂ ದಾಟಿ ಇನ್ನೂ ಆಳಕ್ಕೆ ಇಳಿದಿದ್ದು ಕಂಡಿತು. ಆ ಬಗೆಯ ತೊಂದರೆ ಇರುವವರು ಮಾತಾಡಲು ಮಾತ್ರವಲ್ಲ, ‘ಬೆಕ್ಕನ್ನು ನಾಯಿ ಅಟ್ಟಿತು’ ರೀತಿಯಲ್ಲಿ ಯಾರು ಯಾರನ್ನು ಎಂಬುದು ಅದಲುಬದಲಾಗಬಲ್ಲ ವಾಕ್ಯ ಗ್ರಹಿಸಲೂ ಕಷ್ಟಪಡಬಹುದು. ಲಕ್ವ ಹೊಡೆದು ಮಾತು ನಿಂತವರ ಬಗ್ಗೆ ಬರೆಯಲೇಬೇಕೆಂದಿದ್ದರೆ ಒಮ್ಮೆ ಮೈಸೂರಿಗೆ ಬನ್ನಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನವೂ ಇದೆ. ಚಿಕಿತ್ಸೆ ಕೊಡುವವರನ್ನು ಕೇಳಿ ಬರೆಯಿರಿ, ರೋಗಿಗಳ ಹೆಸರು ಊರು ಬೇಡ.

ಸದ್ಯಕ್ಕೆ ಜೇಬಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ವಿಯೆನ್ನಾದ ಭಾಷಾವಿಜ್ಞಾನಿ ರುಡಾಲ್ಫ್ ಮೆರಿಂಗರ್ ಹೀಗೆ ಜನರ ಬಾಯ್ತಪ್ಪುಗಳನ್ನು ಕೂಡಿಹಾಕಿ, ಕಾರ್ಲ್ ಮಾಯರ್ ಜೊತೆ 1895ರಲ್ಲಿ ಪುಸ್ತಕವನ್ನೇ ತಂದರು. ಬಸ್ ಸ್ಟ್ಯಾಂಡು, ಸಂತೆ, ನಿಮ್ಮ ಕಾಲೇಜಿನ ಸ್ಟಾಫ್ ರೂಮು, ಎಲ್ಲಿ ಕೇಳಿದರೂ ಆ ಕ್ಷಣವೇ ಬರೆದುಕೊಳ್ಳಿ. ಸಂಜೆಗೆ ಬರೆಯೋಣ ಅಂದರೆ ನೆನಪು ತಾನೇ ತಿದ್ದಿಬಿಡುತ್ತದೆ. ಪುಟದಲ್ಲಿ ಹೇಳಹೊರಟಿದ್ದು ಎಡಗಡೆ ಇರಲಿ, ಹೇಳಿದ್ದು ಬಲಗಡೆ. ಅದರಿಂದ ಐದಾರು ಒಳ್ಳೆಯವನ್ನು ಆರಿಸಿ ಆರು ಪುಟದೊಳಗೆ ಬರೆದು ಕಳುಹಿಸಿ. ಮೆದುಳಿನ ಬಣ್ಣದ ಚಿತ್ರ ಲಗತ್ತಿಸಬೇಡಿ, ನಮ್ಮದು ಕಪ್ಪು ಬಿಳುಪು ಅಚ್ಚು.

ಇಂತು,
ಸಂಪಾದಕ