ಬಹಿಷ್ಕಾರ ಹಾಕಿದ ಪೋಪ್ ಆಮೇಲೆ ರಾಜನ ಪರ ನಿಂತಿದ್ದು ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ರಾಜ ಜಾನ್‌ಗೆ ಪೋಪ್ ಮೂರನೇ ಇನ್ನೊಸೆಂಟ್ 1209ರಲ್ಲಿ ಚರ್ಚಿನಿಂದ ಬಹಿಷ್ಕಾರ ಹಾಕಿದ್ದರು. ಅದೇ ರಾಜನ ಕೈ ಕಟ್ಟಿದ ಮ್ಯಾಗ್ನಾ ಕಾರ್ಟಾ ಎಂಬ ಸನ್ನದನ್ನು 1215ರಲ್ಲಿ ಅವರೇ ರದ್ದು ಮಾಡಿದರಂತೆ. ಇದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ಇರುವುದು 1213ರಲ್ಲಿ. ಮೊದಲು ಜಗಳದ ಮೂಲ ಹೇಳಿಬಿಡುತ್ತೇನೆ. 1205ರಲ್ಲಿ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥರಾಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ತೀರಿಕೊಂಡರು. ಆ ಪೀಠಕ್ಕೆ ಜಾನ್ ತನಗೆ ಬೇಕಾದವನನ್ನು ಕೂರಿಸಲು ಹೊರಟ, ಪೋಪ್ ಒಪ್ಪದೆ ಸ್ಟೀಫನ್ ಲ್ಯಾಂಗ್ಟನ್ ಅವರನ್ನು ನೇಮಿಸಿದರು. ಜಾನ್ ಅವರನ್ನು ದೇಶದೊಳಗೇ ಬಿಟ್ಟುಕೊಳ್ಳಲಿಲ್ಲ. ಅದಕ್ಕೆ 1208ರ ಮಾರ್ಚ್‌ನಿಂದ ಪೋಪ್ ಇಡೀ ಇಂಗ್ಲೆಂಡಿನಲ್ಲಿ ಚರ್ಚ್ ಸೇವೆ ನಿಲ್ಲಿಸಿದರು. ಮಗುವಿಗೆ ದೀಕ್ಷಾಸ್ನಾನ ಮಾಡಿಸಬಹುದಿತ್ತು, ಸಾಯುವವರ ಪಾಪನಿವೇದನೆ ಕೇಳಬಹುದಿತ್ತು, ಆದರೆ ಸತ್ತವರನ್ನು ಚರ್ಚಿನ ಪವಿತ್ರ ನೆಲದಲ್ಲಿ ಹೂಳುವಂತಿರಲಿಲ್ಲ. ಇದು ಆರು ವರ್ಷ ನಡೆಯಿತು. ದೊಡ್ಡವರ ಹಟಕ್ಕೆ ಏನೂ ತಪ್ಪು ಮಾಡದ ಹಳ್ಳಿ ಜನ ತಮ್ಮವರನ್ನು ಎಲ್ಲೆಲ್ಲೋ ಮಣ್ಣು ಮಾಡಬೇಕಾಯಿತು, ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1213ರ ಹೊತ್ತಿಗೆ ಫ್ರಾನ್ಸಿನ ರಾಜ ದಂಡೆತ್ತಿ ಬರಲು ಸಿದ್ಧನಾಗಿದ್ದ, ಇತ್ತ ಸ್ವಂತ ಸರದಾರರ ಮೇಲೂ ಜಾನ್‌ಗೆ ನಂಬಿಕೆ ಇರಲಿಲ್ಲ. ಆಗ ಅವನು ಯಾರೂ ಊಹಿಸದ ಕೆಲಸ ಮಾಡಿದ. ಲ್ಯಾಂಗ್ಟನ್‌ರನ್ನು ಒಪ್ಪಿಕೊಂಡಿದ್ದಷ್ಟೇ ಅಲ್ಲ, ಮೇ 15ರಂದು ಡೋವರ್ ಹತ್ತಿರ ಇಂಗ್ಲೆಂಡ್ ಮತ್ತು ಐರ್ಲೆಂಡ್ ಎರಡನ್ನೂ ಪೋಪ್‌ಗೆ ಒಪ್ಪಿಸಿ, ವರ್ಷಕ್ಕೆ 1000 ಮಾರ್ಕ್ ಕಪ್ಪ ಕೊಡುವ ಸಾಮಂತನಾಗಿ ಅವುಗಳನ್ನು ವಾಪಸ್ ಪಡೆದ. ಅಲ್ಲಿಗೆ ಪೋಪ್ ಬರೀ ಧರ್ಮಗುರುವಲ್ಲ, ಇಂಗ್ಲೆಂಡಿನ ಒಡೆಯ!

ಈಗ ಮ್ಯಾಗ್ನಾ ಕಾರ್ಟಾ ನೋಡಿ. 1214ರಲ್ಲಿ ಫ್ರಾನ್ಸ್ ವಿರುದ್ಧದ ಬೂವೀನ್ ಯುದ್ಧದಲ್ಲಿ ಜಾನ್‌ನ ಮಿತ್ರಪಡೆ ಸೋತಿತು. ತೆರಿಗೆ ಕೊಟ್ಟು ಕೊಟ್ಟು ಬೇಸತ್ತ ಸರದಾರರು ದಂಗೆ ಎದ್ದರು, ಮರುವರ್ಷ ಲಂಡನ್ ಹಿಡಿದರು, ಜೂನ್‌ನಲ್ಲಿ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಈ ಸನ್ನದಿಗೆ ರಾಜನಿಂದ ಒಪ್ಪಿಗೆ ಪಡೆದರು. ರಾಜ ಮಾತಿಗೆ ತಪ್ಪಿದರೆ 25 ಸರದಾರರು ಅವನ ಕೋಟೆಗಳನ್ನೇ ಕಿತ್ತುಕೊಳ್ಳಬಹುದು ಅಂತ 61ನೇ ಕಲಮು ಹೇಳುತ್ತಿತ್ತು. ತನ್ನ ಸಾಮಂತನನ್ನು ಹೆದರಿಸಿ, ಒಡೆಯನಾದ ತನ್ನನ್ನು ಕೇಳದೆ ಇದನ್ನೆಲ್ಲ ಬರೆಸಿಕೊಂಡರೆ ಪೋಪ್ ಸುಮ್ನೆ ಇರುತ್ತಾರಾ? ಆಗಸ್ಟ್ 24ರಂದು ರದ್ದು ಮಾಡಿದರು.

ಒಂದು ಮಾತು ಮರೆಯಬೇಡಿ, ಚರ್ಚ್ ಅಂದರೆ ರೋಮ್ ಮಾತ್ರ ಅಲ್ಲ. ದಂಗೆ ಎದ್ದ ಸರದಾರರಿಗೆ ಬಹಿಷ್ಕಾರ ಹಾಕಲು ಲ್ಯಾಂಗ್ಟನ್ ಒಪ್ಪಲಿಲ್ಲ. ಪೋಪ್ ಹಟ ಹಿಡಿದು ಪೀಠಕ್ಕೆ ತಂದವರೇ ಅವರು, ಅಲ್ವಾ? ಅವರನ್ನೇ ಅಮಾನತು ಮಾಡಲಾಯಿತು.

1216ರಲ್ಲಿ ಪೋಪ್ ತೀರಿಕೊಂಡರು, ಜಾನ್ ಕೂಡ ಸತ್ತ. ಸಿಂಹಾಸನಕ್ಕೆ ಜಾನ್‌ನ ಒಂಬತ್ತು ವರ್ಷದ ಮಗ ಬಂದ. ಸರದಾರರನ್ನು ಅವನ ಕಡೆಗೆ ಸೆಳೆಯಬೇಕಿತ್ತು. ಹಾಗಾಗಿ ನವೆಂಬರ್‌ನಲ್ಲಿ ಹುಡುಗನ ಪರ ಆಡಳಿತ ನಡೆಸುತ್ತಿದ್ದವರು 61ನೇ ಕಲಮನ್ನು ಕೈಬಿಟ್ಟು ಸನ್ನದನ್ನು ಮತ್ತೆ ಹೊರಡಿಸಿದರು, ಅದಕ್ಕೆ ಹೊಸ ಪೋಪ್ ಅವರ ಪ್ರತಿನಿಧಿಯೇ ಮುದ್ರೆ ಒತ್ತಿದರು.