ಪ್ರೆಡಿಕ್ಷನ್ ಮಾರ್ಕೆಟ್ ಡೇಟಾ ಟೂಲಿನಿಂದ ಒಂದೊಂದು ಆರ್ಡರಿನ ಬದಲಾವಣೆಯನ್ನೂ ತೆಗೆಯೋದು ಹೇಗೆ? ಹೋದ ತಿಂಗಳದ್ದು ಬೇಕು, ಯಾರು ಹಾಕಿದರು, ಯಾರು ವಾಪಸ್ ತಗೊಂಡರು ಎಲ್ಲ.

ನಿಮ್ಮ ಪ್ರಶ್ನೆ ಓದಿ ನಗು ಬಂತು, ಹೊಟ್ಟೆಯಲ್ಲಿ ಸ್ವಲ್ಪ ಸಂಕಟವೂ ಆಯಿತು. ಪ್ರೆಡಿಕ್ಷನ್ ಮಾರ್ಕೆಟ್ ಅಂದರೆ ಮುಂದೆ ಒಂದು ಘಟನೆ ಆಗುತ್ತದೋ ಇಲ್ಲವೋ ಎಂಬುದರ ಮೇಲೆ ‘ಹೌದು’, ‘ಇಲ್ಲ’ ಎಂಬ ಶೇರು ಕೊಂಡು ಮಾರುವ ಜಾಗ. ಎರಡು ವರ್ಷದ ಹಿಂದೆ ಅದರಲ್ಲಿ ನಾನೂ ಇದನ್ನೇ ಹುಡುಕುತ್ತಿದ್ದೆ. ಸಿಕ್ಕಿತು ಅಂತಲೂ ಅಂದುಕೊಂಡಿದ್ದೆ.

ನಾನು ಇರೋದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಅಂಧೇರಿಯ ಒಂದು ಸಣ್ಣ ಟ್ರೇಡಿಂಗ್ ಆಫೀಸಿನಲ್ಲಿ. ಎನ್‌ಎಸ್‌ಇ ಶೇರುಪೇಟೆಯ ಟಿಕ್-ಬೈ-ಟಿಕ್ ಫೀಡ್, ಅಂದರೆ ಒಂದೊಂದು ಬದಲಾವಣೆಯೂ ಆದ ಹಾಗೇ ಬರುವ ಡೇಟಾ, ಓದಿಯೇ ಅನ್ನ ತಿಂದವನು. ಅದರಲ್ಲಿ ಪ್ರತಿ ಆರ್ಡರಿಗೂ ಒಂದು ನಂಬರ್ ಇರುತ್ತದೆ. ಹೊಸದು ಬಂದರೆ ಎನ್, ಬದಲಾದರೆ ಎಂ, ರದ್ದಾದರೆ ಎಕ್ಸ್, ಟ್ರೇಡ್ ಆದರೆ ಟಿ. ಆರ್ಡರ್ ಹುಟ್ಟಿದ್ದು, ಸತ್ತದ್ದು ಎಲ್ಲ ಲೆಕ್ಕದಲ್ಲಿರುತ್ತದೆ. ಆರ್ಡರ್ ಬುಕ್, ಅಂದರೆ ಕೊಳ್ಳೋಕೆ, ಮಾರೋಕೆ ಕಾದು ನಿಂತ ಆರ್ಡರುಗಳ ಪಟ್ಟಿ, ಎಲ್ಲ ಕಡೆ ಹೀಗೇ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಆಗ ಹೊರದೇಶದವರೊಬ್ಬರು ರಾತ್ರಿ ಹೊತ್ತು ಮಾಡಿಕೊಡು ಅಂತ ಒಂದು ಕೆಲಸ ಕೊಟ್ಟರು: ಪ್ರೆಡಿಕ್ಷನ್ ಮಾರ್ಕೆಟ್‌ನಲ್ಲಿ ಸುಳ್ಳು ಆರ್ಡರ್ ಹಾಕಿ ಹಾಕಿ ತೆಗೆಯುವವರು ಎಷ್ಟು ಅಂತ ನೋಡಬೇಕು. ಫೀಡ್ ಜೋಡಿಸಿದೆ. ಬೆಲೆ, ಸೈಜ್, ಸಮಯ ಅಂತ ಸಾಲು ಸಾಲಾಗಿ ಬರತೊಡಗಿತು. ಆರ್ಡರ್ ಐಡಿ ಮಾತ್ರ ಇರಲಿಲ್ಲ. ಕೊಡೋಕೆ ಮರೆತಿರಬೇಕು ಅಂದುಕೊಂಡು ಪ್ರತಿ ಸಾಲಿಗೂ ನಾನೇ ಒಂದು ನಂಬರ್ ಕೊಟ್ಟೆ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 62 ಸೆಂಟ್ ಬೆಲೆಯಲ್ಲಿ ಕೊಳ್ಳೋಕೆ 500 ಶೇರು ನಿಂತಿದೆ ಅನ್ನಿ. ಮುಂದಿನ ಸಾಲು 800 ಅಂತ ಬಂತು. ನನ್ನ ಸ್ಕ್ರಿಪ್ಟ್ ಬರೆದುಕೊಂಡಿದ್ದು: 500ರ ಆರ್ಡರ್ ರದ್ದು, 800ರ ಹೊಸ ಆರ್ಡರ್. ನಿಜವಾಗಿ ಆಗಿದ್ದು 500 ಅಲ್ಲೇ ಇತ್ತು, ಅದರ ಹಿಂದೆ 300 ಬಂದು ನಿಂತಿತು. ಆಮೇಲೆ 300 ಅಂತ ಬಂತು. ಸ್ಕ್ರಿಪ್ಟ್ ಪ್ರಕಾರ 800 ರದ್ದು. ಯಾರೋ ಮಾರಿದ್ದರಿಂದ ಮುಂದಿದ್ದ 500 ಖಾಲಿಯಾಗಿದ್ದಿರಬಹುದು, ಅದು ಅದಕ್ಕೆ ಗೊತ್ತೇ ಇಲ್ಲ. ಕೊನೆಗೆ ಸೊನ್ನೆ ಬಂತು, ಇನ್ನೊಂದು 300 ರದ್ದು. ಕೂಡಿಸಿ ನೋಡಿ: ನನ್ನ ಖಾತೆಯಲ್ಲಿ 1,600 ಶೇರು ರದ್ದಾಗಿದೆ. ಮಾರ್ಕೆಟ್‌ನಲ್ಲಿ ಒಂದೂ ರದ್ದಾಗದೆ ಎಲ್ಲ ಟ್ರೇಡ್ ಆಗಿದ್ದಿರಬಹುದು.

ಆ ಸಾಲಿನಲ್ಲಿ ಬರೋದು ಆ ಬೆಲೆಯಲ್ಲಿ ನಿಂತಿರುವ ಒಟ್ಟು ರಾಶಿ. ಬೆಳಗಿನ ಜಾವ ದಾದರ್ ಹೂವಿನ ಮಾರ್ಕೆಟ್‌ನಲ್ಲಿ ಸೇವಂತಿಗೆ ರಾಶಿಯ ತೂಕ ಹೇಳುತ್ತಾರಲ್ಲ, ಹಾಗೆ. ಎಷ್ಟು ಜನರ ಬುಟ್ಟಿ ಅದರಲ್ಲಿ ಸುರಿದಿದೆ ಅಂತ ತೂಕ ನೋಡಿ ಹೇಳೋಕೆ ಬರುತ್ತಾ?

ಮೂರು ವಾರ ನಿದ್ದೆಗೆಟ್ಟು ರಿಪೋರ್ಟ್ ಬರೆದೆ. ಬಣ್ಣದ ಚಾರ್ಟ್ ಬೇರೆ. ಬಂದ ಆರ್ಡರುಗಳಲ್ಲಿ ಹೆಚ್ಚಿನವು ಕಣ್ಣು ಮಿಟುಕಿಸುವುದರೊಳಗೆ ಮಾಯ, ಇಡೀ ಮಾರ್ಕೆಟ್ಟೇ ಮೋಸ ಅನ್ನೋ ಧಾಟಿಯಲ್ಲಿ. ಕಳಿಸಿಯೂ ಬಿಟ್ಟೆ. ಆಮೇಲೆ ಶನಿವಾರ ಮಾಟುಂಗಾದಲ್ಲಿ ಊಟಕ್ಕೆ ಕೂತಾಗ ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ಫೋನಿನಲ್ಲಿ ತೋರಿಸಿದೆ. ಮಂಗಳೂರು ಕಡೆಯವರು, ಮಾತು ಕಡಿಮೆ. ಸಾರು ಕಲಸುತ್ತಲೇ ಕೇಳಿದರು, ‘ಇದರಲ್ಲಿ ಆರ್ಡರ್ ಐಡಿ ಎಲ್ಲಿಂದ ಬಂತು ಮಾರಾಯ?’

‘ನಾನೇ ಕೊಟ್ಟೆ ಸರ್.’

ಅವರು ಊಟ ಮುಗಿಯುವವರೆಗೆ ಬೇರೇನೂ ಮಾತಾಡಲಿಲ್ಲ.

ಕೆಲಸ ಕೊಟ್ಟವರಿಗೆ ನಾನೇ ತಪ್ಪೊಪ್ಪಿಕೊಂಡು ಬರೆದೆ. ಅರ್ಧ ದುಡ್ಡು ಬರಲಿಲ್ಲ, ಮುಂದಿನ ಕೆಲಸ ಕೊಡುವ ಮಾತೇ ಎತ್ತಲಿಲ್ಲ. ಅವರ ತಪ್ಪೇನೂ ಇಲ್ಲ ಬಿಡಿ.

ಈಗ ನಿಮ್ಮ ಪ್ರಶ್ನೆಗೆ. ಸಾರ್ವಜನಿಕ ಫೀಡಿನಲ್ಲಿ ಇಲ್ಲದ್ದನ್ನು ಯಾವ ಟೂಲೂ ತೆಗೆದುಕೊಡಲಾರದು. ಕಾಲ್ಷಿ, ಪಾಲಿಮಾರ್ಕೆಟ್ ಅಂತ ಎರಡು ದೊಡ್ಡ ಪ್ರೆಡಿಕ್ಷನ್ ಮಾರ್ಕೆಟ್‌ಗಳಿವೆ. ಕಾಲ್ಷಿ ಮೊದಲು ಪೂರ್ತಿ ಬುಕ್ ಕೊಟ್ಟು, ಆಮೇಲೆ ಪ್ರತಿ ಬೆಲೆಯಲ್ಲಿ ಎಷ್ಟು ಹೆಚ್ಚಿತು, ಎಷ್ಟು ಕಮ್ಮಿಯಾಯಿತು ಅಂತ ಕಳಿಸುತ್ತದೆ. ಪಾಲಿಮಾರ್ಕೆಟ್ ಆ ಬೆಲೆಯ ಹೊಸ ಮೊತ್ತವನ್ನೇ ಕಳಿಸುತ್ತದೆ. ಎರಡಕ್ಕೂ ಒಂದೇ ಕೋಡ್ ಬರೆದರೆ ಸರ್ವನಾಶ. ಕಾಲ್ಷಿಯ ಸಂದೇಶಗಳಿಗೆ ಕ್ರಮಸಂಖ್ಯೆ ಇರುತ್ತದೆ. ನಡುವೆ ಒಂದು ತಪ್ಪಿದರೂ ಪೂರ್ತಿ ಬುಕ್ ಮತ್ತೆ ತರಿಸಿಕೊಳ್ಳಿ, ಅಂದಾಜಿನಲ್ಲಿ ಮುಂದೆ ಹೋಗಬೇಡಿ. ಇನ್ನೊಂದು, ‘ಹೌದು’ ಎಂಬುದನ್ನು 62ಕ್ಕೆ ಕೊಳ್ಳುತ್ತೇನೆ ಅಂದರೂ ‘ಇಲ್ಲ’ ಎಂಬುದನ್ನು 38ಕ್ಕೆ ಮಾರುತ್ತೇನೆ ಅಂದರೂ ಒಂದೇ, ಎರಡೂ ಸೇರಿದರೆ 100 ಸೆಂಟ್. ಪಾಲಿಮಾರ್ಕೆಟ್‌ನ ಎರಡೂ ಕಡೆಯ ಬುಕ್ ಕೂಡಿಸಿದರೆ ಒಂದೇ ಆರ್ಡರನ್ನು ಎರಡು ಸಲ ಎಣಿಸಿದಂತೆ.

ಒಂದೊಂದೇ ಆರ್ಡರ್ ಕಾಣುವ ಜಾಗಗಳೂ ಇವೆ. ನಿಮ್ಮದೇ ಖಾತೆಯ ಆರ್ಡರುಗಳು, ಖಾತೆಯ ಗುಪ್ತ ಕೋಡ್ ಆದ ಎಪಿಐ ಕೀ ಹಾಕಿದರೆ ಬರುತ್ತವೆ. ಪಾಲಿಮಾರ್ಕೆಟ್‌ನಲ್ಲಾದರೆ ಟ್ರೇಡ್ ಆದ ಆರ್ಡರುಗಳು ಪಾಲಿಗಾನ್ ಎಂಬ ಬ್ಲಾಕ್‌ಚೈನಿನಲ್ಲಿ, ಅಂದರೆ ಯಾರು ಬೇಕಾದರೂ ಓದಬಹುದಾದ ಲೆಕ್ಕದ ಪುಸ್ತಕದಲ್ಲಿ, ದಾಖಲಾಗುತ್ತವೆ. ಆರ್ಡರಿನ ಹ್ಯಾಷ್ (ಅದರ ಗುರುತಿನ ಸಂಖ್ಯೆ), ಎರಡೂ ಕಡೆಯವರ ವಿಳಾಸ ಅಲ್ಲಿ ಸಿಗುತ್ತದೆ. ಆದರೆ ಹಾಕಿ ವಾಪಸ್ ತಗೊಂಡದ್ದು ಸಾಮಾನ್ಯವಾಗಿ ಚೈನಿಗೆ ಹೋಗೋದೇ ಇಲ್ಲ. ನಿಮಗೆ ಬೇಕಾಗಿರೋದು ಅದೇ ತಾನೆ?

ನನ್ನ ಕೇಳಿದರೆ ಆರ್ಡರ್ ಮಟ್ಟದ ಹಟ ಬಿಡಿ. ಒಂದು ಬೆಲೆಯಲ್ಲಿ ರಾಶಿ ಎಷ್ಟು ಕರಗಿತು, ಅದರಲ್ಲಿ ಟ್ರೇಡ್ ಆದದ್ದೆಷ್ಟು ಅಂತ ಕಳೆಯಿರಿ. ಉಳಿದದ್ದು ವಾಪಸ್ ತಗೊಂಡದ್ದು. ಯಾರು ತೆಗೆದರು ಅಂತ ಗೊತ್ತಾಗದಿದ್ದರೂ ಮಾರ್ಕೆಟ್ ಎಷ್ಟು ಗಟ್ಟಿ ಅಂತ ತಿಳಿಯೋಕೆ ಅಷ್ಟು ಸಾಕು. ಬೇರೆಯವರು ರೆಕಾರ್ಡ್ ಮಾಡಿಟ್ಟದ್ದು ಸಿಗದಿದ್ದರೆ ಇದಕ್ಕೂ ಇವತ್ತಿನಿಂದ ನೀವೇ ರೆಕಾರ್ಡ್ ಮಾಡಬೇಕು. ನನ್ನ ಹಳೇ ಲ್ಯಾಪ್‌ಟಾಪ್ ಒಂದು ಫ್ರಿಜ್ ಪಕ್ಕ ಹಗಲೂ ರಾತ್ರಿ ಅದೇ ಕೆಲಸ ಮಾಡುತ್ತಿದೆ, ಮನೆಯವಳ ಬೈಗುಳ ತಿನ್ನುತ್ತಾ.

(ಡೇಟಾ ಓದೋದು ಬೇರೆ, ದುಡ್ಡು ಹಾಕೋದು ಬೇರೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಇಲ್ಲಿ ಕೂತು ಆಡುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ.)

ಹೋದ ತಿಂಗಳದ್ದನ್ನು ಆರ್ಡರ್ ಸಮೇತ ಮಾರುತ್ತೇನೆ ಅಂತ ಯಾರಾದರೂ ಬಂದರೆ, ದುಡ್ಡು ಕೊಡುವ ಮುಂಚೆ ಹತ್ತು ಸಾಲು ತರಿಸಿ ನೋಡಿ. ಐಡಿ ಕಾಲಂ ಇದ್ದರೆ ನಮ್ಮ ಹಿರಿಯರು ಕೇಳಿದ್ದನ್ನೇ ಅವರಿಗೂ ಕೇಳಿ.