ಐಸ್ ಮೇಕರ್ ತಂದ ದಿನವೇ ಆನ್ ಮಾಡಬಹುದಾ?

ಮೈಸೂರಿಂದ ಮಂಡ್ಯಕ್ಕೆ ಕಾರಿನ ಡಿಕ್ಕಿಯಲ್ಲಿ ಮಲಗಿಸಿಕೊಂಡು ತಂದ ಐಸ್ ಮೇಕರನ್ನ ಇವತ್ತೇ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಸಾರ್. ಮಲಗಿಸಿದಾಗ ಕಂಪ್ರೆಸರ್ ಎಣ್ಣೆ ಪೈಪಿಗೆ ಹರಿದಿರುತ್ತೆ. ಅದು ವಾಪಸ್ ಇಳಿಯೋಕೆ ಮೆಷಿನ್ನನ್ನ ನೆಟ್ಟಗೆ ನಿಲ್ಲಿಸಿ, 24 ಗಂಟೆ ಬಿಟ್ಟು ಆನ್ ಮಾಡಿ. ಕಟ್ಟೆ ಮಟ್ಟವಾಗಿರಲಿ, ಗಾಳಿ ಆಡೋ ಜಾಲರಿ ಕಡೆ ಒಂದು ಗೇಣು ಜಾಗ ಬಿಡಿ. ಅರ್ಥಿಂಗ್ ಇರೋ ತ್ರೀಪಿನ್ ಸಾಕೆಟ್‌ಗೇ ನೇರ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಇನ್ನು ನೀರು. ನಮ್ಮನೇಲಿ ಬೋರ್‌ವೆಲ್ ನೀರು ಹಾಕಿ, ಎರಡೇ ತಿಂಗಳಿಗೆ ಐಸು ಕಟ್ಟೋ ಒಳಗಿನ ಕಡ್ಡಿಗಳ ಮೇಲೆ ಸುಣ್ಣದ ಬಿಳಿ ಪೊರೆ ಕೂತು, ಐಸು ಕಚ್ಚಿಕೊಂಡು ಬೀಳ್ತಾನೇ ಇರಲಿಲ್ಲ! ಫಿಲ್ಟರ್ ನೀರೇ ಹಾಕಿ. ಮೊದಲ ಎರಡು ಮೂರು ಸಲದ ಐಸು ಸಿಂಕಿಗೆ ಸುರಿಯಿರಿ, ಪ್ಲಾಸ್ಟಿಕ್ ವಾಸನೆ ಇರುತ್ತೆ. ಬಳಸದಿದ್ದಾಗ ತಳದ ಬಿರಡೆ ತೆಗೆದು ನೀರು ಪೂರ್ತಿ ಇಳಿಸಿಬಿಡಿ.